ನನ್ನ ಪರವಾಗಿ ಆಡಿದ ಮಾತು

ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ, ಮೂಳೆ ಡಾಕ್ಟರ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ, ನಾನು ಪೆನ್ಸಿಲಿನಲ್ಲಿ ಎಳೆದ ಒಂದು ಗೆರೆ ಇದೆ. ಯಾರೂ ಮತ್ತೆ ಬಣ್ಣ ಬಳಿದಿಲ್ಲವಾದರೆ ಈಗಲೂ ಇರಬೇಕು. ನನ್ನ ಎದೆಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ. ಅಂದು ನನ್ನ ಬಲಗೈ ಏಳುತ್ತಿದ್ದದ್ದು ಅಷ್ಟೇ.

ನಾನು ಗಾರೆ ಕೆಲಸದವನು. ಊರು ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣ ಹೋಬಳಿ. ಐದನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟೆ. ಹೊಳೆನರಸೀಪುರದ ಒಬ್ಬ ಮೇಸ್ತ್ರಿಯ ಕೈಕೆಳಗೆ ಮರಳು ಜರಡಿ ಹಿಡಿಯುವುದರಿಂದ ಶುರುಮಾಡಿ ಗಾರೆ ಎಳೆಯುವ ಕರಣೆ ಹಿಡಿಯುವ ತನಕ ಬಂದೆ. ನಾನು ಮುಗಿಸಿದ ಗೋಡೆಗೆ ಗುಳ್ಳೆ ಓಡುವ ರಸಮಟ್ಟ ಇಟ್ಟು ನೋಡಿದವರು ಎರಡನೇ ಸಲ ಇಟ್ಟು ನೋಡಿದ್ದಿಲ್ಲ. ಇದನ್ನು ಜಂಬ ಅಂದರೆ ಅನ್ನಲಿ. ಇನ್ನೊಂದು ಜಂಬವೂ ಇತ್ತು. ಓದು ಬಿಟ್ಟವನಾದರೂ ಜೀವಮಾನದಲ್ಲಿ ಎಲ್ಲಿಯೂ ಹೆಬ್ಬೆಟ್ಟು ಒತ್ತಿದವನಲ್ಲ. ಕನ್ನಡದಲ್ಲಿ, ಪೂರ್ತಿ ಹೆಸರು ಬರೆದು, ಕೆಳಗೊಂದು ಗೆರೆ ಎಳೆದು ಸಹಿ ಹಾಕುವುದು ನನ್ನ ರೂಢಿ. ಆ ಸಹಿಯೇ ನನ್ನನ್ನು ಕೆಡಿಸಿತು. ಅದು ಮುಂದಿನ ಮಾತು.

ನನ್ನನ್ನು ಮಸ್ಕತ್ತಿಗೆ ಕರೆಸಿಕೊಂಡವನು ನನ್ನ ಬಾಮೈದ, ಹೆಂಡತಿಯ ತಮ್ಮ. ಅವರ ಊರು ಶ್ರವಣಬೆಳಗೊಳದ ಹತ್ತಿರ. ಅವನು ಪಿಯುಸಿ ಪಾಸಾದವನು, ಅಲ್ಲಿ ಹತ್ತು ವರ್ಷ ಕಳೆದಿದ್ದವನು. ಇಂಗ್ಲಿಷ್, ಹಿಂದಿ, ಅರಬ್ಬಿ ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಆಡುತ್ತಿದ್ದ. ಕಂಪನಿಯಲ್ಲಿ ನಮ್ಮ ಕಟ್ಟಡಕ್ಕೆ ಅವನೇ ಫೋರ್‌ಮನ್. ನನಗೆ ಕನ್ನಡ ಬಿಟ್ಟರೆ ಕೆಲಸಕ್ಕೆ ಬೇಕಾದ ನಾಲ್ಕು ಹಿಂದಿ ಮಾತು: ಪಾನಿ, ಗಾರೆಗೆ ಮಸಾಲ, ಊಪರ್, ನೀಚೆ. ಮಿಕ್ಕದ್ದನ್ನೆಲ್ಲ ಅವನು ನೋಡಿಕೊಳ್ಳುತ್ತಿದ್ದ. ವೀಸಾ ಕಾಗದದಿಂದ ಹಿಡಿದು ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೇಳುವ ತನಕ ನನ್ನ ಬಾಯಿ ಅವನೇ ಆಗಿದ್ದ. ನನಗದು ಕೊರತೆ ಅನ್ನಿಸಲಿಲ್ಲ. ನಮ್ಮ ಕಡೆ ಮೊದಲಿಂದ ನಡೆದುಕೊಂಡು ಬಂದದ್ದೇ ಹಾಗೆ.

ನಮ್ಮ ಕಡೆಯ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹೆಣ್ಣು ಕೇಳಲು ಹೋದಾಗಲಾಗಲಿ, ಅಣ್ಣತಮ್ಮಂದಿರು ಪಾಲಾಗುವಾಗಲಾಗಲಿ, ಯಾರದೋ ತಂಟೆಗೆ ನ್ಯಾಯ ಸೇರಿದಾಗಲಾಗಲಿ, ಯಾರ ವಿಷಯವೋ ಅವನು ಮಾತಾಡುವುದಿಲ್ಲ. ಅವನ ಪರವಾಗಿ ಒಬ್ಬ ಹಿರೀಕ ಮಾತಾಡುತ್ತಾನೆ. ಅವನು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿದರೆ ಅವನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ. ಅಂಥ ಮರ್ಯಾದೆಗೆಟ್ಟ ಕೆಲಸವನ್ನು ಯಾರೂ ಮಾಡುವುದಿಲ್ಲ. ತಲೆ ಬಗ್ಗಿಸಿಕೊಂಡು ಕೂತಿರಬೇಕು.

ನನಗೆ ಹೆಣ್ಣು ನೋಡಲು ಹೋದಾಗ ನಾನೂ ಹಾಗೇ ಕೂತಿದ್ದೆ. ಹೆಣ್ಣಿನ ದೊಡ್ಡಪ್ಪ ಚನ್ನರಾಯಪಟ್ಟಣದಿಂದ ಬಂದಿದ್ದರು. ಕಾಫಿ ಲೋಟ ಕೆಳಗಿಟ್ಟು ಕೇಳಿದರು.

“ಗಂಡು ಎಲ್ಲೀಗಂಟ ಓದೈತೆ?”

ನನ್ನ ಸೋದರಮಾವ ಒಂದಿಷ್ಟೂ ತಡಮಾಡಲಿಲ್ಲ. “ಏಳ್ನೇ ಕ್ಲಾಸು ಪಾಸು ಕಣಣ್ಣ. ಮುಂದ್ಕೆ ಓದ್ತಿದ್ದ, ಮನೇಲಿ ಕೆಲ್ಸ ಜಾಸ್ತಿ ಆಗಿ ನಾವೇ ಬುಡಿಸ್ಬುಟ್ಟೋ.”

ನನಗೆ ಕಿವಿ ಬಿಸಿಯಾಯಿತು. ಆದರೂ ಬಾಯಿ ಬಿಡಲಿಲ್ಲ. ಮದುವೆಯಾದ ವರ್ಷದೊಳಗೆ ಹೆಂಡತಿಗೆ ನಿಜ ಗೊತ್ತಾಯಿತು. ಅವಳು ನಕ್ಕುಬಿಟ್ಟಳು. ಅದಾದ ಮೇಲೆ ನಾನೇನಾದರೂ ಬುದ್ಧಿವಂತಿಕೆಯ ಮಾತಾಡಿದರೆ “ಏಳ್ನೇ ಕ್ಲಾಸ್ನೋರು ಏಳ್ತಾವ್ರೆ, ಕೇಳ್ರಪ್ಪ” ಅಂತ ಒಲೆಯ ಮುಂದಿನಿಂದಲೇ ಚುಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಅದು ತಮಾಷೆಯ ಮಾತಾಗಿತ್ತು, ಆ ದೊಡ್ಡಪ್ಪ ಮತ್ತೆ ನಮ್ಮ ನಡುಮನೆಯಲ್ಲಿ ಬಂದು ಕೂತ ದಿನದವರೆಗೆ.

ಮಸ್ಕತ್ತಿಗೆ ಹೋಗಿ ಎರಡನೇ ವರ್ಷ. ನಾಲ್ಕನೇ ಮಹಡಿಯ ಛಾವಣಿಗೆ ಒಳಗಡೆಯಿಂದ ಪ್ಲಾಸ್ಟರ್ ನಡೆಯುತ್ತಿತ್ತು. ನಾನು ಸಾರ್ವೆಯ ಮೇಲೆ ನಿಂತಿದ್ದೆ. ಸಾರ್ವೆ ಅಂದರೆ ನಮ್ಮ ಕಡೆ ನೀಲಗಿರಿ ಗಳ ಕಟ್ಟಿ ಹಲಗೆ ಹಾಸುವುದು, ಅಲ್ಲಿ ಕಬ್ಬಿಣದ ಕೊಳವೆಗಳದ್ದು. ಕಾಲ ಕೆಳಗಿನ ಹಲಗೆ ಜಾರಿತು. ಬೀಳುವಾಗ ಬಲಗೈಯಲ್ಲಿ ಮೇಲಿನ ಕೊಳವೆ ಹಿಡಿದುಕೊಂಡೆ. ಇಡೀ ಮೈಭಾರ ಆ ಒಂದು ಕೈಗೆ ಜೋತುಬಿತ್ತು. ಭುಜದೊಳಗೆ ಹಸಿ ಬಟ್ಟೆ ಹರಿದಂಥ ಸದ್ದು. ಅದು ನನ್ನ ಕಿವಿಗೇ ಕೇಳಿಸಿತು. ಕೆಳಗಿಳಿದು ನಿಂತಾಗ ಕೈ ಮೇಲಕ್ಕೆ ಏಳಲಿಲ್ಲ.

ಬಾಮೈದ ಓಡಿ ಬಂದ. “ಬಾವ, ಏನಾಯ್ತು ಬಾವ, ತೋರ್ಸು” ಅಂತ ಅವನ ಕಣ್ಣಲ್ಲಿ ನೀರು ಬಂದದ್ದು ನಿಜ. ಇದನ್ನು ನಾನು ಮುಚ್ಚಿಡುವುದಿಲ್ಲ.

ಹೆಂಡತಿಗೆ ಹೇಳಬೇಡ ಅಂದೆ. ಗಾಬರಿಯಾಗುತ್ತಾಳೆ ಅನ್ನುವುದು ಒಂದು. ಬಿದ್ದೆ ಅಂತ ಹೇಳಿಕೊಳ್ಳಲು ನಾಚಿಕೆ ಅನ್ನುವುದು ಇನ್ನೊಂದು. ಗಾರೆ ಕೆಲಸದವನು ಸಾರ್ವೆಯಿಂದ ಜಾರಿದ ಅಂದರೆ ಹೊಳೆನರಸೀಪುರದ ನನ್ನ ಹಳೆಯ ಮೇಸ್ತ್ರಿ ನಗುತ್ತಾನೆ. “ಆಯ್ತು ಬಾವ, ಏಳಲ್ಲ” ಅಂದ ಬಾಮೈದ.

ಎರಡು ದಿನಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದ. ದೊಡ್ಡ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಭುಜದ ಚಿತ್ರ ತೆಗೆದರು. ಡಾಕ್ಟರು ಸೂಡಾನ್ ದೇಶದವರು, ಎತ್ತರದ ಆಳು, ತಲೆ ತುಂಬ ನರೆ. ಚಿತ್ರವನ್ನು ಪರದೆಯ ಮೇಲೆ ಹಾಕಿ, ಪೆನ್ನಿನ ತುದಿಯಿಂದ ತೋರಿಸುತ್ತ ಮಾತಾಡಿದರು. ಬಾಮೈದನ ಕಡೆ ನೋಡಿ ಮಾತಾಡಲಿಲ್ಲ, ನನ್ನನ್ನೇ ನೋಡಿಕೊಂಡು ಮಾತಾಡಿದರು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಎರಡು ಸಲ ತಮ್ಮದೇ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದರು. ನಾನು ನೆಲ ನೋಡುತ್ತ ಕೂತಿದ್ದೆ. ನನ್ನ ಪರವಾಗಿ ಮಾತಾಡುವವನು ಪಕ್ಕದಲ್ಲಿರುವಾಗ ನಾನು ಕಣ್ಣು ಕೊಟ್ಟು ಮಾತಿಗೆ ಸಿಗುವುದು ಸರಿಯಲ್ಲ ಅಂತ ನನ್ನ ತಿಳುವಳಿಕೆ.

“ಏನಂದ್ರು?”

“ನರ ವಸಿ ಹರ್ದು ಉಳುಕೈತಂತೆ ಬಾವ. ಮಾತ್ರೆ ತಗಂಡು ಶಾಖ ಕೊಟ್ಕಂಡ್ರೆ ಸರಿಓಯ್ತದಂತೆ.”

“ಅಷ್ಟುದ್ದ ಮಾತಾಡುದ್ರು?”

“ಡಾಕ್ಟ್ರಲ್ವಾ. ಓದ್ಕಂಡಿರೋರು ಮೂರು ಮಾತಿಗೆ ಮೂವತ್ತು ಮಾತಾಡ್ತಾರೆ. ನಿನ್ನಂಗೆ ಕರಣೆಲಿ ಒಂದೇ ಏಟ್ಗೆ ಎಳೆಯಾಕಾಯ್ತದಾ?”

ನನಗೆ ನಗು ಬಂತು. ಡಾಕ್ಟರು ಒಂದು ಕಾಗದ ಮುಂದಿಟ್ಟರು. ಇಂಗ್ಲಿಷ್, ಅರಬ್ಬಿ ಎರಡರಲ್ಲೂ ಅಚ್ಚಾಗಿತ್ತು. ಪೆನ್ನು ಕೊಡುವ ಮೊದಲು ನನ್ನ ಎಡ ಮೊಣಕೈ ಮುಟ್ಟಿ, “ಯೂ ಅಂಡರ್‌ಸ್ಟ್ಯಾಂಡ್?” ಅಂದರು. ಅಷ್ಟು ಇಂಗ್ಲಿಷ್ ನನಗೂ ಗೊತ್ತು. ತಲೆ ಆಡಿಸಿದೆ. ಅವರು ಮತ್ತೆ ಅದನ್ನೇ ಕೇಳಿದರು. ನಾನು ಮತ್ತೆ ತಲೆ ಆಡಿಸಿದೆ. ನೋವಿದ್ದರೂ ಬಲಗೈಯಲ್ಲೇ ಪೆನ್ನು ಹಿಡಿದು ಕನ್ನಡದಲ್ಲಿ ಪೂರ್ತಿ ಹೆಸರು ಬರೆದು, ಕೆಳಗೆ ಗೆರೆ ಎಳೆದೆ. ಆ ಡಾಕ್ಟರು ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು. ಅಕ್ಷರ ಚೆನ್ನಾಗಿದೆ ಅಂತ ನೋಡುತ್ತಿದ್ದಾರೆ ಅಂದುಕೊಂಡೆ.

ಆಮೇಲೆ ನಾಲ್ಕು ತಿಂಗಳು. ಬಾಮೈದ ನನಗೆ ಕೆಳಮಟ್ಟದ ಕೆಲಸ ಕೊಟ್ಟ. ನೆಲದಿಂದ ಎದೆಯ ತನಕದ ಗೋಡೆ ನನ್ನದು, ಅಲ್ಲಿಂದ ಮೇಲಕ್ಕೆ ಬೇರೆಯವರದ್ದು. ಬಿಸಿನೀರಿನ ಬಾಟಲಿಯಲ್ಲಿ ಶಾಖ ಕೊಟ್ಟುಕೊಂಡೆ. ಮಾತ್ರೆ ನುಂಗಿದೆ. ಎಡ ಮಗ್ಗುಲಲ್ಲೇ ಮಲಗಿದೆ. ತಿಂಗಳಾದ ಮೇಲೆ ಕೇಳಿದಾಗ “ಇನ್ನೊಂದ್ ತಿಂಗ್ಳು ತಡ್ಕೊ ಬಾವ” ಅಂದ. ಎರಡನೇ ತಿಂಗಳು ಕೇಳಿದಾಗ “ಇದೊಂದ್ ಬಿಲ್ಡಿಂಗ್ ಮುಗೀಲಿ, ನಿನ್ನ ಊರಿಗೆ ಕಳುಸ್ತೀನಿ, ಅಸನದಲ್ಲಿ ತೋರುಸ್ಕೊ” ಅಂದ. ಯಾಕೆ ಹಾಸನ, ಇಲ್ಲಿಯ ಡಾಕ್ಟರೇ ವಾಸಿಯಾಗುತ್ತದೆ ಅಂದಿದ್ದಾರಲ್ಲ, ಅಂದೆ. ಅವನು ಫೋನು ಬಂತೆಂದು ಎದ್ದು ಹೋದ. ಆಗಲೂ ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಎತ್ತಿದೆ. ಬಾಚಣಿಗೆ ಗಲ್ಲದ ತನಕವೂ ಬರಲಿಲ್ಲ. ಎಡಗೈಯಲ್ಲಿ ಬಲಗೈಯನ್ನು ಹಿಡಿದು ಮೇಲಕ್ಕೆ ಎತ್ತಿದರೆ ಏಳುತ್ತದೆ. ಬಿಟ್ಟರೆ ಸತ್ತ ಹಾವಿನ ಹಾಗೆ ಜಾರಿ ಬೀಳುತ್ತದೆ. ಗಾರೆ ಕೆಲಸದವನಿಗೆ ಎದೆಯ ಮೇಲಿನ ಗೋಡೆ ಇಲ್ಲ ಅಂದರೆ ಅವನು ಅರ್ಧ ಆಳು. ನನ್ನ ಕೈ ತಲೆಯ ಮೇಲಕ್ಕೆ ಹೋಗುತ್ತದೋ ಇಲ್ಲವೋ ಅನ್ನುವುದೊಂದು ಬಿಟ್ಟು ಬೇರೆ ಏನೂ ನನಗೆ ಬೇಕಿರಲಿಲ್ಲ. ಬಾಮೈದ ಸೈಟಿಗೆ ಹೋಗಿದ್ದ. ಅವನಿಗೆ ಬಿಡುವಾಗುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಆಸ್ಪತ್ರೆಯ ಚೀಟಿ, ಕರಣೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಚೀಟಿಯ ಮೇಲಿನ ಆಸ್ಪತ್ರೆಯ ಹೆಸರನ್ನು ಟ್ಯಾಕ್ಸಿಯವನಿಗೆ ತೋರಿಸಿ ಹೊರಟೆ. ಕರಣೆ ಯಾಕೆ ಅಂದರೆ, ನಾನು ಏನು ಕೆಲಸದವನು ಅನ್ನುವುದನ್ನು ಅದೊಂದೇ ಎಲ್ಲ ಭಾಷೆಯಲ್ಲೂ ಹೇಳುತ್ತದೆ.

ಅದೇ ಡಾಕ್ಟರು. ನನ್ನನ್ನು ಗುರುತು ಹಿಡಿದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಬಾಗಿಲ ಕಡೆ ಕೈ ತೋರಿ ಏನೋ ಕೇಳಿದರು. ನಾನು ಎದೆ ಮುಟ್ಟಿಕೊಂಡು ಒಂದು ಬೆರಳು ತೋರಿಸಿದೆ. ಒಬ್ಬನೇ. ಆಗ ಅವರು ತಮ್ಮ ಫೋನು ತೆಗೆದು ನರ್ಸಮ್ಮನ ಜೊತೆ ಏನೋ ಹುಡುಕಿದರು. ಆಕೆ ಫಿಲಿಪೈನ್ಸಿನವಳು. ಡಾಕ್ಟರು ಫೋನಿಗೆ ಒಂದು ಮಾತು ಹೇಳಿದರು. ಫೋನಿನೊಳಗಿನಿಂದ ಒಬ್ಬ ಹೆಂಗಸು ಕನ್ನಡದಲ್ಲಿ ಮಾತಾಡಿದಳು, ರೇಡಿಯೋ ವಾರ್ತೆಯ ಹಾಗೆ.

“ನಮಸ್ಕಾರ. ನೀವು ಹೇಗಿದ್ದೀರಿ? ನಿಮ್ಮ ಭುಜ ಹೇಗಿದೆ?”

ಆ ದೇಶದಲ್ಲಿ, ಆ ಗಾಜಿನ ಕೋಣೆಯಲ್ಲಿ, ಪಠ್ಯಪುಸ್ತಕದ ಕನ್ನಡ! ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ಗಬಗಬನೆ ನಮ್ಮೂರ ಮಾತಿನಲ್ಲೇ ಹೇಳಿಕೊಂಡೆ. “ಕೈಯ್ಯ ಮ್ಯಾಕ್ಕೆತ್ತಕ್ಕಾಗಾಕಿಲ್ಲ ಸಾ, ನಾಕ್ ತಿಂಗ್ಳಾಯ್ತು, ಎಂಗಾರ ಮಾಡಿ” ಅಂದೆ. ಫೋನು ಅದನ್ನು ಏನು ಮಾಡಿಕೊಂಡಿತೋ, ಡಾಕ್ಟರು ಓದಿ ಹುಬ್ಬು ಗಂಟಿಕ್ಕಿದರು. ಇನ್ನೊಂದು ಸಲ ಹೇಳಿದೆ. ಆಗಲೂ ಆಗಲಿಲ್ಲ.

ಆಗ ನೆನಪಾದದ್ದು ಐದನೇ ಕ್ಲಾಸು. ಕನ್ನಡ ಪಾಠವನ್ನು ನಿಂತುಕೊಂಡು ಗಟ್ಟಿಯಾಗಿ ಓದಿಸುತ್ತಿದ್ದರು. ಒಂದೊಂದೇ ಅಕ್ಷರಕ್ಕೆ ತೂಕ ಕೊಟ್ಟು ಓದಬೇಕು, ಇಲ್ಲದಿದ್ದರೆ ಬೆರಳ ಗೆಣ್ಣಿಗೆ ಅಡಿಕೋಲಿನ ಏಟು. ಕುರ್ಚಿಯಿಂದ ಎದ್ದು ನಿಂತೆ. ನಿಂತು, ಹಾಗೇ ಓದುವವನ ಹಾಗೆ ಹೇಳಿದೆ. “ನನ್ನ ಬಲಗೈಯನ್ನು ಮೇಲಕ್ಕೆ ಎತ್ತಲು ಆಗುವುದಿಲ್ಲ. ನಾನು ಗೋಡೆಯ ಕೆಲಸ ಮಾಡುವವನು.” ಡಾಕ್ಟರು ಫೋನು ನೋಡಿ ತಲೆ ಆಡಿಸಿದರು. ಅರ್ಥವಾಗಿತ್ತು. ಅರ್ಧಕ್ಕೆ ಬಿಟ್ಟ ಶಾಲೆ ಜೀವನದಲ್ಲಿ ಒಂದೇ ಒಂದು ಸಲ ನನ್ನ ಕೈ ಹಿಡಿಯಿತು ಅಂದರೆ ಅವತ್ತು.

ಅವರು ಕೈ ಎಷ್ಟು ಏಳುತ್ತದೆ ಎಂದು ಕೇಳಿದರು. ಹೇಳುವುದಕ್ಕಿಂತ ತೋರಿಸುವುದು ಮೇಲು. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಆದಷ್ಟು ಕೈ ಎತ್ತಿ, ಕಿವಿಯ ಸಂದಿಯಲ್ಲಿದ್ದ ಪೆನ್ಸಿಲನ್ನು ಎಡಗೈಯಲ್ಲಿ ತೆಗೆದು, ಬೆರಳ ತುದಿ ಮುಟ್ಟಿದ ಕಡೆ ಗೆರೆ ಎಳೆದೆ. ಅದು ನಮ್ಮ ಕೆಲಸದ ಅಭ್ಯಾಸ. ಮಟ್ಟ ಗುರುತು ಹಾಕದೆ ಯಾವ ಗೋಡೆಯನ್ನೂ ಶುರುಮಾಡುವುದಿಲ್ಲ. ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಡಾಕ್ಟರು ಬೈಯಲಿಲ್ಲ. ಗೆರೆಯ ಪಕ್ಕ ತಾರೀಖು ಬರೆದರು. ಆಮೇಲೆ ಚೀಲದಿಂದ ಕರಣೆ ತೆಗೆದು, ಎಡಗೈಯಲ್ಲಿ ಛಾವಣಿಗೆ ಎಳೆಯುವ ಹಾಗೆ ಮಾಡಿ ತೋರಿಸಿದೆ. ಅವರು ಮುಖ ತಿರುಗಿಸಿದರು. ಕಡತ ತೆಗೆದು, ಫೋನಿಗೆ ಬಹಳ ನಿಧಾನವಾಗಿ ಮಾತಾಡಿದರು.

ಆ ರೇಡಿಯೋ ಹೆಂಗಸು ಹೇಳಿದಳು. “ಕಳೆದ ಭೇಟಿಯಲ್ಲಿ ನಾನು ನಿಮಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕು ಎಂದು ಹೇಳಿದೆ. ನೀವು ನಿರಾಕರಿಸಿದಿರಿ. ನೀವು ಸಹಿ ಮಾಡಿದ್ದೀರಿ.”

ಕಾಗದ ತಿರುಗಿಸಿ ತೋರಿಸಿದರು. ಪೂರ್ತಿ ಹೆಸರು, ಕೆಳಗೊಂದು ಗೆರೆ. ಎಂಥ ಚೆಂದದ ಸಹಿ.

“ನಾನು ನಿರಾಕರಿಸಲಿಲ್ಲ” ಅಂದೆ. ಅವಸರಕ್ಕೆ ಅಕ್ಷರ ನುಂಗಿದೆ, ಅದಕ್ಕೇ ಇರಬೇಕು, ಫೋನು ಹಿಡಿಯಲಿಲ್ಲ. ಮತ್ತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. “ನನಗೆ ಯಾರೂ ಹೇಳಲಿಲ್ಲ.” ಡಾಕ್ಟರು ಓದಿದರು. ಸಹಿಯ ಕಾಗದವನ್ನು ಮಗುಚಿಟ್ಟರು. ನಾನು ಕೇಳಿದೆ. “ಕೈ ತಲೆಯ ಮೇಲಕ್ಕೆ ಹೋಗುತ್ತದೆಯೇ?”

“ಆಗ ಮಾಡಿದ್ದರೆ ಹೋಗುತ್ತಿತ್ತು. ಈಗ ಹರಿದ ಸ್ನಾಯು ಒಳಕ್ಕೆ ಸರಿದು ಒಣಗಿದೆ. ಸಿಕ್ಕಿದಷ್ಟನ್ನು ಎಳೆದು ಹೊಲಿಯುತ್ತೇನೆ. ಭುಜದ ಮಟ್ಟಕ್ಕೆ ಬರಬಹುದು. ಅದಕ್ಕಿಂತ ಮೇಲೆ ನಾನು ಭರವಸೆ ಕೊಡುವುದಿಲ್ಲ.”

ಒಂದು ಫೋನಿನ ಯಂತ್ರ, ಉಸಿರಿಲ್ಲದ್ದು, ಯಾರ ತಾಯಿಯ ಮಾತೂ ಅಲ್ಲದ ಭಾಷೆಯಲ್ಲಿ, ನನಗೆ ನಿಜ ಹೇಳಿತು. ನನ್ನ ಮನೆಯ ಮಾತನ್ನೇ ಆಡುವವನು, “ಬಾವ” ಅಂತ ಬಾಯಿ ತುಂಬ ಕರೆಯುವವನು ಸುಳ್ಳು ಹೇಳಿದ್ದ. ಭಾಷೆ ಬಾರದ ಊರಿನಲ್ಲಿ ಮೋಸ ಹೋಗುತ್ತೇನೆ ಅಂತ ನನಗೆ ಹೆದರಿಕೆ ಇದ್ದದ್ದು ನಿಜ. ನನಗೆ ಬರುವ ಒಂದೇ ಭಾಷೆಯಲ್ಲಿ ಮೋಸ ಹೋಗುತ್ತೇನೆ ಅಂದುಕೊಂಡಿರಲಿಲ್ಲ.

ಈ ಸಲದ ಕಾಗದವನ್ನು ಸಾಲುಸಾಲಾಗಿ ಫೋನಿನಲ್ಲಿ ಓದಿಸಿದೆ. ಎರಡೆರಡು ಸಲ. ನರ್ಸಮ್ಮನಿಗೆ ಬೇಜಾರು ಬಂದಿರಬೇಕು, ತೋರಿಸಿಕೊಳ್ಳಲಿಲ್ಲ. ಎಚ್ಚರ ತಪ್ಪಿಸುವ ಔಷಧಿ, ರಕ್ತ, ಅಪಾಯ ಎಲ್ಲ ಕೇಳಿಸಿಕೊಂಡೆ. ಪೂರ್ತಿ ಕೇಳಿ ಆದ ಮೇಲೆ ಸಹಿ ಹಾಕಿದೆ. ಗೆರೆ ಎಳೆಯಲಿಲ್ಲ. “ನಿಮ್ಮ ಪರವಾಗಿ ಯಾರಿಗೆ ತಿಳಿಸಬೇಕು?” ಎಂದು ಕೇಳಿದಾಗ, “ನನಗೇ ತಿಳಿಸಿ” ಅಂದೆ.

ಆಪರೇಷನ್ ಆದ ಮೂರನೇ ದಿನ ಬಾಮೈದ ಬಂದ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಮಂಚದ ಪಕ್ಕ ನಿಂತ, ಕೂರಲಿಲ್ಲ.

“ನಂಗೊಂದ್ ಮಾತ್ ಏಳ್ಬುಟ್ಟು ಬರ್ಬೋದಿತ್ತಲ್ಲ ಬಾವ.”

“ನಿಂಗೇಳಿದ್ರೆ ನೀನ್ ಡಾಕ್ಟ್ರಿಗೆ ಏನೇಳ್ತಿದ್ದೆ?”

ಅವನ ಮುಖದ ಬಣ್ಣ ಇಳಿಯಿತು. “ಅದು ಅಂಗಲ್ಲ ಬಾವ... ಊರಿಗೋದ್ ಮ್ಯಾಲೆ ಎಲ್ಲಾ ಏಳ್ತೀನಿ” ಅಂದ.

“ಅಣ್ಣು ಅಲ್ಲೇ ಇಟ್ಬುಟ್ಟು ಓಗು” ಅಂದೆ. ಗೋಡೆಯ ಕಡೆ ತಿರುಗಿದೆ. ಒಳ್ಳೆಯ ಪ್ಲಾಸ್ಟರು, ಮೂಲೆ ಮಾತ್ರ ಸ್ವಲ್ಪ ಓರೆ. ಅವನು ಹೋಗುವ ತನಕ ಆ ಮೂಲೆಯನ್ನೇ ನೋಡುತ್ತಿದ್ದೆ.

ಊರಿಗೆ ಬಂದೆ. ಕತ್ತಿನಿಂದ ಕೈಗೆ ಬಟ್ಟೆಯ ಜೋಳಿಗೆ ಕಟ್ಟಿಕೊಂಡು ಬಂದವನನ್ನು ನೋಡಿ ಹೆಂಡತಿ ಅತ್ತಳು. ಬಿದ್ದದ್ದು, ಕೊಯ್ದದ್ದು ಎಲ್ಲ ಹೇಳಿದೆ. ಅವಳ ತಮ್ಮ ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ತವರಿನ ಮೇಲೆ ಅವಳಿಗೆ ಜೀವ. ಅಪ್ಪ ಹೋದ ಮೇಲೆ ಅವಳಿಗೆ ಅಲ್ಲಿ ಉಳಿದಿರುವವನು ಇವನೊಬ್ಬ. ನನ್ನ ಹೊಟ್ಟೆಯಲ್ಲೇ ಇರಲಿ ಅಂದುಕೊಂಡೆ. ಅವಳು ಅತ್ತದ್ದು ಸ್ವಲ್ಪ ಬೇಗ ನಿಂತಿತು ಅಂತ ಆಗ ಅನ್ನಿಸಿತ್ತು. ಅದನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡೆ.

ವಾರಕ್ಕೆರಡು ಸಲ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಹಾಸನಕ್ಕೆ ಹೋಗಿ ಕೈಗೆ ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದೆ. ಮಿಕ್ಕ ದಿನ ಮನೆಯ ಹಿಂದಿನ ಗೋಡೆಯ ಮುಂದೆ ನಿಂತು, ಎರಡು ಬೆರಳನ್ನು ಜೇಡದ ಹಾಗೆ ಇಟ್ಟಿಗೆಯಿಂದ ಇಟ್ಟಿಗೆಗೆ ಹತ್ತಿಸುವುದು. ಆ ಗೋಡೆಗೆ ಪ್ಲಾಸ್ಟರ್ ಆಗಿರಲಿಲ್ಲ. ಮನೆ ಕಟ್ಟಿದಾಗ ಮುಂದಿನದು, ಪಕ್ಕದ್ದು ಮುಗಿಸಿ, ಹಿಂದಿನದನ್ನು ಮಸ್ಕತ್ತಿನಿಂದ ಬಂದ ಮೇಲೆ ನಾನೇ ಮಾಡುತ್ತೇನೆ ಅಂತ ಬಿಟ್ಟಿದ್ದೆ. ಬೇರೆಯವನ ಕರಣೆ ನನ್ನ ಮನೆಯ ಗೋಡೆ ಮುಟ್ಟಬಾರದು ಅನ್ನುವ ಹಟ. ಇಟ್ಟಿಗೆಯ ವರಸೆಗಳನ್ನೇ, ಅಡ್ಡ ಸಾಲುಗಳನ್ನೇ, ಲೆಕ್ಕ ಇಟ್ಟೆ. ಹನ್ನೊಂದು, ಹನ್ನೆರಡು. ಹದಿಮೂರನೇ ವರಸೆಗೆ, ಭುಜದ ಮಟ್ಟಕ್ಕೆ, ಬೆರಳು ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಅಲ್ಲೇ. ಹಾಸನದವರು “ಇನ್ನು ಇಷ್ಟೇ ಅನ್ಸುತ್ತೆ” ಅಂದರು. ನನಗೆ ಮೊದಲೇ ಗೊತ್ತಿತ್ತು, ರೇಡಿಯೋ ಹೆಂಗಸು ಹೇಳಿದ್ದಳಲ್ಲ.

ಬಾಮೈದ ರಜಕ್ಕೆ ಬಂದ. ಒಬ್ಬನೇ ಬರಲಿಲ್ಲ, ಚನ್ನರಾಯಪಟ್ಟಣದ ದೊಡ್ಡಪ್ಪನನ್ನು ಕರೆದುಕೊಂಡು ಬಂದ. ರಾಜಿ ಮಾಡಿಸಲು. ನಾನು ಅವನ ಫೋನು ಎತ್ತುತ್ತಿಲ್ಲ ಅನ್ನುವುದು ಅಷ್ಟು ಹೊತ್ತಿಗೆ ನೆಂಟರಲ್ಲೆಲ್ಲ ಹರಡಿತ್ತು. ನಡುಮನೆಯಲ್ಲಿ ಚಾಪೆ ಹಾಕಿದೆವು. ದೊಡ್ಡಪ್ಪ ಗೋಡೆಗೆ ಒರಗಿ ಕೂತರು. ಬಾಮೈದ ಅವರ ಪಕ್ಕ ತಲೆ ಬಗ್ಗಿಸಿಕೊಂಡು ಕೂತ. ನಮ್ಮ ಕಡೆಯ ರೀತಿ.

“ನೋಡಪ್ಪ,” ಅಂದರು ದೊಡ್ಡಪ್ಪ, “ಉಡುಗ ತಪ್ಪು ಮಾಡವ್ನೆ, ಇಲ್ಲ ಅನ್ನಾಕಿಲ್ಲ. ಕಂಪ್ನಿಯೋರು ಬಿಲ್ಡಿಂಗ್ ಮುಗ್ಸು ಅಂತ ಕುತ್ಗೆ ಮ್ಯಾಲೆ ಕುಂತಿದ್ರಂತೆ. ನಿನ್ನಂತ ಕೆಲ್ಸಗಾರನ್ನ ಬುಟ್ಟು ಎಂಗ್ ಮುಗ್ಸೋದು? ಅದೊಂದ್ ನೆಪಕ್ಕೆ ವಸಿ ಎಳ್ದವ್ನೆ. ಚಿಕ್ಕೋನು. ಒಟ್ಟೆಗಾಕ್ಕೊ.”

“ಅವನೇ ಏಳ್ಲಿ” ಅಂದೆ.

“ಅವನ ಪರವಾಗಿ ನಾನೇಳ್ತಾ ಇಲ್ವೇನಪ್ಪ?”

“ಬ್ಯಾಡ ದೊಡ್ಡಪ್ಪ. ಪರವಾಗಿ ಏಳಿ ಏಳೀನೇ ನನ್ ಕೈ ಓಗಿದ್ದು. ಅವನ್ ಬಾಯಲ್ಲೇ ಬರ್ಲಿ.”

ದೊಡ್ಡಪ್ಪನ ಮುಖ ಗಂಟಾಯಿತು. ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಬಾಮೈದ ತಲೆ ಎತ್ತಿದ. ಆಸ್ಪತ್ರೆಯಲ್ಲಿ ನುಂಗಿಕೊಂಡ ಮಾತು ಈಗ ಬಂತು.

“ಆಪ್ರೇಸನ್ ಬ್ಯಾಡ ಅನ್ನು ಅಂದಿದ್ದು ಅಕ್ಕ ಕಣ್ ಬಾವ. ನೀನ್ ಬಿದ್ದಿದ್ ದಿನಾನೇ ಅಕ್ಕಂಗೆ ಏಳ್ದೆ. ಡಾಕ್ಟ್ರು ಕುಯ್ಬೇಕು ಅಂದ್ರೂ ಅಲ್ಲಿ ಕುಯ್ಯುಸ್ಬ್ಯಾಡ, ಊರಿಗೆ ಕಳ್ಸು ಅಂದ್ಲು. ಕಳ್ಸೋದ್ನ ನಾನ್ ಮುಂದಾಕ್ದೆ. ಅದ್ ನನ್ ತಪ್ಪು. ಬ್ಯಾಡ ಅಂದಿದ್ದು ನಾನಲ್ಲ.”

ನಾನು ಕೇಳಿ ತರಿಸಿಕೊಂಡ ಮಾತು ಅದು. ನನ್ನ ಹಟಕ್ಕೇ ಬಂದದ್ದು. ಸುಮ್ಮನೆ ದೊಡ್ಡಪ್ಪನ ಮಾತು ಕೇಳಿ ತಲೆಯಾಡಿಸಿದ್ದರೆ ಇವತ್ತಿಗೂ ನನಗೆ ಗೊತ್ತಾಗುತ್ತಿರಲಿಲ್ಲ.

ಯಾರೂ ಕಾಫಿ ಕುಡಿಯಲಿಲ್ಲ. ಅವರಿಬ್ಬರೂ ಮಧ್ಯಾಹ್ನದ ಬಸ್ಸಿಗೇ ಹೊರಟರು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ನಾನು ಕೇಳುವ ಮೊದಲೇ ಶುರುಮಾಡಿದಳು.

“ನಮ್ಮಪ್ಪನ್ನ ಅಸನದ ಆಸ್ಪತ್ರೆಲಿ ಆಪ್ರೇಸನ್ ಅಂತ ಒಳೀಕ್ ಕರ್ಕೊಂಡೋದೋರು ವಾಪಸ್ ಕೊಟ್ಟಿದ್ದು ಬಟ್ಟೆ ಸುತ್ತಿ. ಅದ್ ನಮ್ಮೂರು, ಎಣನಾದ್ರೂ ಸಿಕ್ತು. ಅಲ್ಲಿ ನಿಂಗೇನಾರ ಆಗಿದ್ರೆ ನಾನ್ ಯಾರ್ನ ಕೇಳ್ಲಿ? ಯಾವ್ ಮಾತ್ನಲ್ಲಿ ಕೇಳ್ಲಿ?”

“ನನ್ನ ಕೇಳ್ಬೋದಿತ್ತು.”

“ನೀನ್ ಬಿದ್ದೆ ಅಂತ ನಂಗೇಳಿದ್ಯಾ? ವಾರ್ವಾರ ಫೋನಲ್ಲಿ ಮಕ ತೋರುಸ್ಕಂಡು, ‘ಚೆಂದಾಗಿವ್ನಿ, ಚೆಂದಾಗಿವ್ನಿ’ ಅಂತಿದ್ದೆ. ನೀನ್ ಮುಚ್ಚಿಟ್ಟಿದ್ನ ನಾನೆಂಗ್ ಬುಡ್ಸಿ ಕೇಳ್ಲಿ?”

“ಅಂಗಂತ ನನ್ ಕೈನ ನನ್ ಕೇಳ್ದೆ ಬ್ಯಾಡ ಅಂದ್ಬುಡೋದಾ?”

ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆಮೇಲೆ ಹೇಳಿದ ಮಾತನ್ನು ಅವಳು ಚುಚ್ಚಬೇಕು ಅಂತ ಹೇಳಲಿಲ್ಲ. ಆದರೂ ನನಗೆ ಹೊಲಿಗೆಯ ಒಳಗೇ ಹೋಯಿತು.

“ನಿನ್ ಸೋದರ್ಮಾವ ಏಳ್ನೇ ಕ್ಲಾಸು ಅಂದಾಗ ನೀನೂ ತಲೆ ಬಗ್ಗುಸ್ಕಂಡು ಕುಂತಿದ್ದೆ. ನನ್ ಜೀಮಾನನೇ ಆ ಮಾತ್ ಮ್ಯಾಲೆ ನಿಂತ್ಕತು. ನಾನ್ ಯಾವತ್ತಾರ ಕೇಳುದ್ನಾ?”

ಕೇಳಿರಲಿಲ್ಲ. ನಕ್ಕಿದ್ದಳು, ಅಷ್ಟೇ. ಎಷ್ಟು ವರ್ಷ ನಕ್ಕಳು. ಆ ನಗುವಿನ ಕೆಳಗೆ ಏನಿತ್ತು ಅಂತ ನಾನೂ ಯಾವತ್ತೂ ಕೇಳಿರಲಿಲ್ಲ. ಅಷ್ಟಕ್ಕೆ ಕ್ಷಮಿಸಿಬಿಟ್ಟೆ ಅಂತಲ್ಲ. ಅವಳ ಹೆದರಿಕೆ ಅರ್ಥವಾಗುತ್ತದೆ. ಬಾಮೈದನ ಕಷ್ಟವೂ ಅರ್ಥವಾಗುತ್ತದೆ. ಆದರೆ ಬಾಚಣಿಗೆ ಹಿಡಿದು ಕೈ ಎತ್ತಿದಾಗ ಅದು ಅರ್ಥ ಮಾಡಿಕೊಳ್ಳುವುದಿಲ್ಲ, ಭುಜದ ಹತ್ತಿರವೇ ನಿಲ್ಲುತ್ತದೆ. ನನ್ನನ್ನು ಪ್ರೀತಿಸುವ ಇಬ್ಬರು ಸೇರಿ, ನನಗಿಂತ ಚೆನ್ನಾಗಿ ನನ್ನ ಒಳ್ಳೆಯದು ತಿಳಿದವರ ಹಾಗೆ, ನನ್ನ ಮೈಯ ಒಂದು ಭಾಗವನ್ನು ತೀರ್ಮಾನ ಮಾಡಿದರು. ಆ ಸೂಡಾನಿನ ಮನುಷ್ಯ ಮಾತ್ರ ನನ್ನ ಮುಖ ನೋಡಿ, ಎರಡು ಸಲ, ಗೊತ್ತಾಯಿತೇ ಎಂದು ಕೇಳಿದ್ದ.

ಈ ವರ್ಷ ಮಳೆ ಹಿಡಿಯುವ ಮೊದಲು ಹಿಂದಿನ ಗೋಡೆಗೆ ಕೈ ಹಾಕಿದೆ. ಮರಳು ನಾನೇ ಜರಡಿ ಹಿಡಿದೆ, ಗಾರೆ ನಾನೇ ಕಲಸಿದೆ. ಹದಿಮೂರನೇ ವರಸೆಯ ತನಕ ಎಳೆದೆ, ಕೆಳಗಿನಿಂದ ಮೇಲಕ್ಕೆ, ಮೊದಲಿನ ಹಾಗೇ ನಯವಾಗಿ. ಅಲ್ಲಿಗೆ ನಿಲ್ಲಿಸಿದೆ. ಸಾರ್ವೆ ಕಟ್ಟಿಕೊಂಡು ಎತ್ತರ ಹತ್ತಿದರೆ ಭುಜದ ಮಟ್ಟ ಮೇಲಕ್ಕೆ ಹೋಗುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಹೋಗುತ್ತದೆ. ಆದರೆ ಸಾರ್ವೆಯ ಮೇಲೆ ನಿಂತವನಿಗೆ ಮೇಲೆ ಹಿಡಿದುಕೊಳ್ಳಲು ಒಂದು ಕೈ ಬೇಕು.

ಹೆಂಡತಿ ಬಂದು ನಿಂತು ನೋಡಿದಳು. ಕೆಳಗೆ ಬೂದು ಬಣ್ಣದ ಒದ್ದೆ ಪ್ಲಾಸ್ಟರು, ಮೇಲೆ ಕೆಂಪು ಇಟ್ಟಿಗೆ. ನಡುವೆ ನೆಟ್ಟಗೆ ಒಂದು ಗೆರೆ.

“ಮಳೆ ಬಂದ್ರೆ ಮ್ಯಾಗ್ಲಿಂದ ನೀರಿಳೀತದೆ” ಅಂದಳು. “ಅರ್ಕಲ್ಗೂಡಿಂದ ಯಾರ್ನಾರ ಕರ್ಸೋದಾ? ನಾನ್ ಫೋನ್ ಮಾಡಿ ಏಳ್ಲಾ?”

“ನೀನೇಳ್ಬ್ಯಾಡ. ನಾನೇ ಏಳ್ತೀನಿ.”

ಅವಳು ತಲೆಯಾಡಿಸಿ ಒಳಗೆ ಹೋದಳು. ರಸಮಟ್ಟ ತಂದು ಆ ಗೆರೆಯ ಮೇಲಿಟ್ಟೆ. ಗುಳ್ಳೆ ನಡುವಿನಲ್ಲಿ ನಿಂತಿತು, ಆ ಕಡೆ ಈ ಕಡೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಮಳೆ ಬಂದು ಹೋಯಿತು. ಮೇಲಿನ ಗೋಡೆಗೆ ಬಾ ಅಂತ ಇನ್ನೂ ಯಾರಿಗೂ ಹೇಳಿಲ್ಲ.